ತೊಟ್ಟಿ ಅಕ್ಕ ಎಣಿಸಿದ ಚೂರುಗಳು

ಆ ಗ್ಯಾರೇಜಿಗೆ ಬಂದವರ ಕಣ್ಣು ಮೊದಲು ಹೋಗುತ್ತಿದ್ದದ್ದು ಮುಂದುಗಡೆಯ ನುಣುಪು ನೆಲದ ಮೇಲೆ ಸಾಲಾಗಿ ನಿಂತ ದೊಡ್ಡ ದೊಡ್ಡ ಕಾರುಗಳ ಕಡೆಗೆ. ಹಿಂದುಗಡೆ, ಕಂಪ್ರೆಸರಿನ ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಅಲ್ಲಿ ಸೊಂಟದೆತ್ತರದ ಒಂದು ಕಬ್ಬಿಣದ ತೊಟ್ಟಿ, ಅದರಲ್ಲಿ ಅರ್ಧದಷ್ಟು ಸೀಮೆಎಣ್ಣೆ, ನಾಲ್ಕು ನಮೂನೆಯ ಬ್ರಷ್ಷು, ಗೋಡೆಯ ಕಿಂಡಿಯಲ್ಲಿ ಹಗಲೆಲ್ಲ ಗರಗರ ಅನ್ನುವ ಒಂದು ಫ್ಯಾನು. ಮೆಕ್ಯಾನಿಕ್‌ಗಳು ಎಂಜಿನ್ನಿನಿಂದ ಬಿಚ್ಚಿದ ಸಾಮಾನೆಲ್ಲ ಕರ್ರಗೆ ಜಿಡ್ಡು ಹಿಡಿದು ಅವಳ ಕೈಗೆ ಬರುತ್ತಿತ್ತು, ಬೆಳ್ಳಗೆ ಮಿರಮಿರ ಮಿಂಚುತ್ತ ವಾಪಸ್ ಹೋಗುತ್ತಿತ್ತು. ಒಂಬತ್ತು ವರ್ಷ ಅವಳು ಮಾಡಿದ್ದು ಇದೇ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ತೊಟ್ಟಿ ಅಕ್ಕ.

ಅದಕ್ಕೂ ಮುಂಚೆ ಅವಳು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೋಟೆಲು ಬಾಗಿಲು ಹಾಕಿದ ಮಾರನೇ ದಿನ ಗ್ಯಾರೇಜಿನ ಮುಂದೆ ಬಂದು ನಿಂತಳು. ಗ್ಯಾರೇಜಿನ ಯಜಮಾನ, ಎಲ್ಲರೂ ಮೇಸ್ತ್ರಿ ಅಂತ ಕರೆಯುವ ಮನುಷ್ಯ, ಕಾರಿನ ಕೆಳಗಿಂದ ತಲೆ ಹೊರಗೆ ಹಾಕಿ ಕೇಳಿದ, "ಜಿಡ್ಡು ಬಿಡಿಸೋಕೆ ಬರುತ್ತೇನಮ್ಮ?"

"ಹೋಟೆಲಿನ ಬಾಣಲೆ ತೊಳೆದಿದ್ದೀನಿ ಮೇಸ್ತ್ರಿ. ಅದಕ್ಕಿಂತ ಹೆಚ್ಚಿನ ಜಿಡ್ಡು ನಿಮ್ಮ ಹತ್ರ ಇದ್ರೆ ತೋರಿಸಿ, ನೋಡೋಣ."

ಮೇಸ್ತ್ರಿ ನಗುವ ಪೈಕಿ ಅಲ್ಲ. ಆದರೂ ಅವತ್ತು ಅವನ ಮೀಸೆ ಒಂದಿಷ್ಟು ಅಲುಗಾಡಿತು. ಕೆಲಸ ಸಿಕ್ಕಿತು.

ಅಲ್ಲಿಗೆ ಬರುತ್ತಿದ್ದದ್ದೆಲ್ಲ ಎರಡನೇ, ಮೂರನೇ ಕೈಗೆ ಬಂದ ಶ್ರೀಮಂತರ ಕಾರುಗಳು. ಹೊಸದಾಗಿದ್ದಾಗ ಅವುಗಳ ಬೆಲೆಗೆ ಒಂದು ಮನೆ ಕೊಳ್ಳಬಹುದಿತ್ತು. ಹತ್ತು ವರ್ಷ ಓಡಿದ ಮೇಲೆ ಒಂದು ಪುಟ್ಟ ಕಾರಿನ ಬೆಲೆಗೆ ಸಿಗುತ್ತಿದ್ದವು. ಜನ ಮೂತಿಯ ಮೇಲಿನ ಹೊಳಪು, ತೊಗಲಿನ ಸೀಟು ನೋಡಿ ಮನಸೋತು ಮನೆಗೆ ತರುತ್ತಿದ್ದರು. ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ ಅನ್ನುವುದು ಅವರಿಗೆ ಗೊತ್ತಾಗುತ್ತಿದ್ದದ್ದು ಮೇಸ್ತ್ರಿಯ ಮುಂದೆ ನಿಂತಾಗಲೇ. ಒಂದು ನೀರಿನ ಪಂಪು ಹೋದರೆ ಒಂದು ತಿಂಗಳ ಸಂಬಳ ಮಂಗಮಾಯ. ಟರ್ಬೊ ಹೋದರೆ ಮನೆಯಲ್ಲಿ ಮಾತುಕತೆ ಬಂದ್. ಗ್ಯಾಸ್ಕೆಟ್ ಅನ್ನುವ ಕಾಗದದಷ್ಟು ತೆಳ್ಳಗಿನ ತಗಡು ಸುಟ್ಟು ಹೋದರೆ ಎಂಜಿನ್ನಿನ ತಲೆಯನ್ನೇ ಎತ್ತಬೇಕು. ತಗಡಿಗೆ ಚಿಲ್ಲರೆ ಕಾಸು, ಎತ್ತುವ ಕೂಲಿಗೆ ಕಂತೆ ನೋಟು.

ಇದೆಲ್ಲ ತೊಟ್ಟಿ ಅಕ್ಕ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅವಳು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ಎಂಜಿನ್ನಿನ ಹೊಟ್ಟೆಯೊಳಗಿನ ಗುಟ್ಟೆಲ್ಲ ಅವಳ ಕೈಮೇಲೆ ಹಾದು ಹೋಗುತ್ತಿತ್ತಲ್ಲ. ಆಯಿಲ್ ಬದಲಿಸದೆ ಸೋಮಾರಿತನ ಮಾಡಿದವರ ಎಂಜಿನ್ನಿನಲ್ಲಿ ಡಾಂಬರಿನಂಥ ಕೆಸರು. ನೀರು ಆಯಿಲಿಗೆ ಸೇರಿದ ಕಡೆ ಮುಚ್ಚಳದ ಅಡಿಯಲ್ಲಿ ಕೆನೆಯಂಥ ಬಿಳಿ ಲೇಪ. ಬೇರಿಂಗು ಸವೆದಿದ್ದರೆ ತೊಟ್ಟಿಯ ತಳದಲ್ಲಿ ಜರಿಯ ಪುಡಿ ಚೆಲ್ಲಿದ ಹಾಗೆ ಮಿಣಮಿಣ. ಎಂಜಿನ್ ತಣಿಸುವ ಕೂಲಂಟ್ ಸೋರಿದ್ದರೆ ಸಿಹಿ ವಾಸನೆ. ಕಾರಿನ ಒಡೆಯ ಎಂಥವನು ಅನ್ನುವುದನ್ನೂ ಅವಳು ಮುಖ ನೋಡದೆ ಹೇಳಬಲ್ಲವಳಾಗಿದ್ದಳು. ಹೇಳುತ್ತಿರಲಿಲ್ಲ, ಅಷ್ಟೇ. ಕೇಳುವವರು ಯಾರಿದ್ದರು?

ಹೋಟೆಲಿನಿಂದ ಅವಳ ಜೊತೆಗೇ ಬಂದ ಚಟ ಒಂದಿತ್ತು. ಅಲ್ಲಿ ಸಂಜೆ ಚಮಚ, ಲೋಟ ಎಲ್ಲ ಲೆಕ್ಕ ಹಾಕಿ ಒಪ್ಪಿಸಬೇಕಿತ್ತು. ಇಲ್ಲಿ ಹಾಗೆ ಯಾರೂ ಹೇಳದಿದ್ದರೂ ಅವಳು ಬೋಲ್ಟು, ವಾಷರು, ಸ್ಪ್ರಿಂಗು ಎಲ್ಲವನ್ನೂ ಎಣಿಸಿಯೇ ಕೊಡುತ್ತಿದ್ದಳು. ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲನ್ನೂ ಸುಮ್ಮನೆ ಡ್ರಮ್ಮಿಗೆ ಸುರಿಯದೆ ಒಂದು ಹಳೇ ಪರದೆ ಬಟ್ಟೆಯಲ್ಲಿ ಸೋಸುತ್ತಿದ್ದಳು. "ಅಕ್ಕ ಟೀ ಸೋಸ್ತಾ ಇದ್ದಾಳೆ, ನನಗೂ ಒಂದು ಲೋಟ," ಅಂತ ಮೆಕ್ಯಾನಿಕ್‌ಗಳು ಕಿಚಾಯಿಸುತ್ತಿದ್ದರು. ಕುಡಿಯೋ ಧೈರ್ಯ ಇದ್ದರೆ ಲೋಟ ತೆಗೆದುಕೊಂಡು ಬನ್ನಿ ಅನ್ನುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಕಡುನೀಲಿ ಬಣ್ಣದ ಒಂದು ಉದ್ದನೆಯ ಕಾರು ಬಂತು. ಓಡಿಸಿಕೊಂಡು ಬಂದಿದ್ದು ನಿವೃತ್ತಳಾದ ಒಬ್ಬ ನರ್ಸಮ್ಮ. ಮೂವತ್ತನಾಲ್ಕು ವರ್ಷ ದೊಡ್ಡ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ದುಡಿದಾಕೆ. ಅಷ್ಟು ವರ್ಷವೂ ಬಸ್ಸಿನಿಂದ ಇಳಿದು ಡಾಕ್ಟರುಗಳ ಕಾರಿನ ಸಾಲು ದಾಟಿಕೊಂಡೇ ಡ್ಯೂಟಿಗೆ ಹೋಗಿದ್ದಳು. ಒಮ್ಮೆಯಾದರೂ ಅಂಥದ್ದೊಂದರ ಸ್ಟೀರಿಂಗ್ ಹಿಡಿಯಬೇಕು ಅಂತ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಆಸೆಯನ್ನು ನಿವೃತ್ತಿಯ ಹಣ ಬಂದ ಮೇಲೆ ತೀರಿಸಿಕೊಂಡಿದ್ದಳು. ನೆಂಟರಿಷ್ಟರೆಲ್ಲ ಆನೆ ಸಾಕೋಕೆ ಹೊರಟಿದ್ದಾಳೆ ಅಂತ ಆಡಿಕೊಂಡಿದ್ದರು. ಕೊಂಡು ಐದು ತಿಂಗಳಾಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನಾಲ್ಕೈದು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕಟಕಟ ಶಬ್ದ. ಬೇರೊಂದು ಕಡೆ ತೋರಿಸಿದಾಗ ಎಂಜಿನ್ನೇ ಬದಲಿಸಬೇಕು ಅಂದಿದ್ದರಂತೆ.

ಮೇಸ್ತ್ರಿ ಕಿವಿಗೊಟ್ಟು ಕೇಳಿದ. "ಎಂಜಿನ್ ಚೆನ್ನಾಗಿದೆ ಅಮ್ಮ. ಒಳಗೆ ಟೈಮಿಂಗ್ ಚೈನ್ ಅಂತ ಒಂದಿರುತ್ತೆ, ಸೈಕಲ್ ಚೈನ್ ಥರಾನೇ. ಅದು ಅತ್ತಿತ್ತ ಅಲ್ಲಾಡದೆ ಇರಲಿ ಅಂತ ಪ್ಲಾಸ್ಟಿಕ್ಕಿನ ಪಟ್ಟಿ ಇಟ್ಟಿರ್ತಾರೆ, ಗೈಡು ಅಂತೀವಿ. ಬಿಸಿಗೆ ಬೆಂದೂ ಬೆಂದೂ ಅವು ಬಿಸ್ಕತ್ತಿನ ಹಾಗೆ ಮುರೀತವೆ."

"ಪ್ಲಾಸ್ಟಿಕ್ ಪಟ್ಟಿಗೆ ಎಷ್ಟಾಗುತ್ತಪ್ಪ?"

"ಪಟ್ಟಿಗೆ ಜಾಸ್ತಿ ಇಲ್ಲ. ಆದ್ರೆ ಇದನ್ನ ಮಾಡಿದ ಪುಣ್ಯಾತ್ಮರು ಚೈನನ್ನ ಎಂಜಿನ್ನಿನ ಹಿಂದುಗಡೆ ಇಟ್ಟಿದ್ದಾರೆ. ಎಂಜಿನ್ ಪೂರ್ತಿ ಕೆಳಗಿಳಿಸದೆ ಕೈ ಹೋಗಲ್ಲ. ಖರ್ಚೆಲ್ಲ ಅದಕ್ಕೇ." ಅಂತ ಒಂದು ಮೊತ್ತ ಹೇಳಿದ. ಕಾರು ಕೊಂಡ ಬೆಲೆಯ ಮೂರರಲ್ಲೊಂದು ಭಾಗ.

ನರ್ಸಮ್ಮ ಕಾರಿನ ಕೀಲಿಯನ್ನು ಅವನ ಕೈಗಿಟ್ಟು, "ಮಾಡಿ," ಅಂದಳು. "ನಡುವಲ್ಲಿ ಕೈಬಿಟ್ಟು ಗೊತ್ತಿಲ್ಲ ನನಗೆ."

ಎಂಜಿನ್ನು ಇಳಿಯಿತು. ಮುರಿದ ಗೈಡುಗಳು, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನು, ಅದರೊಳಗೆ ಸಿಕ್ಕ ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳು ತೊಟ್ಟಿ ಅಕ್ಕನ ಕೋಣೆಗೆ ಬಂದವು. ಅವಳು ಪ್ಯಾನನ್ನೂ ಆಯಿಲ್ ಹೀರುವ ಕೊಳವೆಯ ಬಾಯಲ್ಲಿದ್ದ ಜರಡಿಯನ್ನೂ ತೊಳೆದು ಕೊಟ್ಟಳು. ಹಳೇ ಆಯಿಲನ್ನು ಸೋಸಿದಾಗ ಸಿಕ್ಕ ಚೂರುಗಳನ್ನೂ ಸೇರಿಸಿ ಒಂದು ಡಬ್ಬಿಯಲ್ಲಿಟ್ಟಳು. ಆ ವಾರ ಮತ್ತೊಂದು ಕಾರಿನ ಗೇರ್‌ಬಾಕ್ಸ್ ಒಡೆದು ಬಂದು ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಡಬ್ಬಿ ಕಿಟಕಿಯ ಮೇಲೇ ಉಳಿಯಿತು.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಬಿಡುವಾಯಿತು. ಅವಳು ಡಬ್ಬಿಯನ್ನು ಒಂದು ಬಟ್ಟೆಯ ಮೇಲೆ ಸುರಿದು, ಒಡೆದ ಬಸಿಯನ್ನು ಜೋಡಿಸುವ ಹಾಗೆ ಚೂರಿಗೆ ಚೂರು ಕೂಡಿಸುತ್ತ ಕೂತಳು. ಮೊದಲನೇ ಗೈಡು ಪೂರ್ತಿಯಾಯಿತು. ಎರಡನೆಯದೂ ಆಯಿತು. ಮೂರನೆಯದರ ತುದಿಯಲ್ಲಿ ಮಾತ್ರ ಒಂದು ಜಾಗ ಖಾಲಿ. ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ, ತೆಳ್ಳಗಿನ ಒಂದು ಚೂರು ಇರಬೇಕಾದ ಜಾಗ.

ಡಬ್ಬಿ ಕೊಡವಿದಳು. ಪರದೆ ಬಟ್ಟೆ ಝಾಡಿಸಿದಳು. ತೊಟ್ಟಿಯ ತಳಕ್ಕೆ ಮೊಣಕೈವರೆಗೂ ಕೈ ಹಾಕಿ ತಡಕಿದಳು. ಇಲ್ಲ. ಅಷ್ಟರಲ್ಲಿ ಮುಂದುಗಡೆಯಿಂದ ಯಾರೋ, "ಸರಿ ಮೇಸ್ತ್ರಿ, ಹೊಡೀರಿ ಸ್ಟಾರ್ಟ್," ಅಂದದ್ದು ಕೇಳಿಸಿತು. ಅವಳು ಕೈಯಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿದ್ದ ಹಾಗೇ ಓಡಿದಳು.

"ಮೇಸ್ತ್ರಿ! ಸ್ಟಾರ್ಟ್ ಮಾಡಬೇಡಿ!"

ಎಂಜಿನ್ನು ಕಾರಿನೊಳಗೆ ಕೂತಾಗಿತ್ತು, ಹೊಸ ಆಯಿಲ್ ಸುರಿದಾಗಿತ್ತು. ಮೇಸ್ತ್ರಿ ಡ್ರೈವರ್ ಸೀಟಿನಲ್ಲಿದ್ದ. ಕೈ ಕೀಲಿಯ ಮೇಲಿತ್ತು.

"ಏನಾಯ್ತು?"

"ಮೂರನೇ ಗೈಡಿನ ಒಂದು ಚೂರು ಕಮ್ಮಿ ಇದೆ. ಒಳಗೇ ಉಳಿದಿದೆ ಅನ್ಸುತ್ತೆ."

"ಹಳೇ ಆಯಿಲ್ ಜೊತೆ ಹೋಗಿರುತ್ತೆ ಬಿಡಮ್ಮ."

"ಹೋಗಿಲ್ಲ. ನಾನು ಸೋಸಿದೀನಿ."

"ಹಿಂದೆ ಬಿಚ್ಚಿದವರು ತೆಗೆದಿರಬಹುದು."

"ಹಿಂದೆ ಯಾರೂ ಬಿಚ್ಚಿಲ್ಲ ಅಂತ ನೀವೇ ಹೇಳಿದ್ರಲ್ಲ ಮೇಸ್ತ್ರಿ."

ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಐದು ದಿನದ ಕೆಲಸ, ಒಂಬತ್ತು ಲೀಟರ್ ಹೊಸ ಆಯಿಲ್, ಮಾರನೇ ದಿನ ಬೆಳಗ್ಗೆ ಗಾಡಿ ಕೊಡುವ ಮಾತು. "ಇಷ್ಟು ದಿನ ಬಾಯಿಗೆ ಏನು ಬೀಗ ಹಾಕಿಕೊಂಡಿದ್ಯಾ?" ಅಂತ ಗುಡುಗಿ, ಬಾಗಿಲನ್ನು ಧಡಾರನೆ ಹಾಕಿ ರಸ್ತೆಗೆ ನಡೆದುಬಿಟ್ಟ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೊಟ್ಟಿ ಅಕ್ಕ ತಲೆ ತಗ್ಗಿಸಿದಳು. ಮೇಸ್ತ್ರಿ ಅಂದದ್ದರಲ್ಲಿ ಸುಳ್ಳಿರಲಿಲ್ಲ, ಡಬ್ಬಿಯನ್ನು ಬುಧವಾರವೇ ನೋಡಬಹುದಿತ್ತು. ಆದರೂ ಅವಳು ಆ ಕಾರಿನ ಪಕ್ಕ ಬಿಟ್ಟು ಕದಲಲಿಲ್ಲ. ಯಾರಾದರೂ ಬಂದು ಕೀಲಿ ತಿರುಗಿಸಿಬಿಟ್ಟರೆ?

ಕಾಲು ಗಂಟೆಗೆ ಮೇಸ್ತ್ರಿ ವಾಪಸ್ ಬಂದ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿದ. ಹೊಸ ಆಯಿಲನ್ನೆಲ್ಲ ಇಳಿಸಿ ಪ್ಯಾನು ಬಿಚ್ಚಿದ. ಪ್ಯಾನಿನಲ್ಲಿ ಏನೂ ಇರಲಿಲ್ಲ. ಜರಡಿಗೆ ಟಾರ್ಚು ಹಿಡಿದ. ಜರಡಿ ಕನ್ನಡಿಯಂತಿತ್ತು, ತೊಳೆದವಳು ಅವಳೇ ಅಲ್ಲವೇ! ಹಿಂದೆ ಯಾರೋ ಕಿಸಕ್ಕೆಂದರು. ಅವಳಿಗೆ ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು.

"ಕೊಳವೆ ಬಿಚ್ಚಿ ಮೇಸ್ತ್ರಿ," ಅಂದಳು. "ತೊಳೆಯೋವಾಗ ಜರಡಿ ಅಂಚು ಒಂದು ಕಡೆ ಸಡಿಲ ಇದ್ದ ಹಾಗಿತ್ತು. ಒಂದು ಕಾಳು ನುಸುಳೋ ಅಷ್ಟು."

ಬಿಚ್ಚಿದ. ಗಾಳಿ ಹೊಡೆದ, ಏನೂ ಬರಲಿಲ್ಲ. ಕೊನೆಗೆ ಒಂದು ತಂತಿಯನ್ನು ಕೊಕ್ಕೆ ಮಾಡಿ ಕೊಳವೆಯ ಬಾಗಿನೊಳಕ್ಕೆ ತೂರಿಸಿ ಮೆಲ್ಲಗೆ ಎಳೆದ. ಕರ್ರಗಿನ ಜಿಡ್ಡಿನ ಜೊತೆ ಒಂದು ಕಂದು ಚೂರು ಅವನ ಅಂಗೈಗೆ ಬಿತ್ತು. ತೊಟ್ಟಿ ಅಕ್ಕ ಅದನ್ನು ಬಟ್ಟೆಯ ಮೇಲಿದ್ದ ಮೂರನೇ ಗೈಡಿನ ತುದಿಗೆ ಇಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಕೊಂಡಿತು.

ಅದು ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಅಂತ ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಇವತ್ತಲ್ಲ ನಾಳೆ ಚೂರು ಅಡ್ಡ ತಿರುಗಿ ಆಯಿಲ್ ಮೇಲೇರುವ ದಾರಿಯನ್ನೇ ಕಟ್ಟಿಹಾಕುತ್ತಿತ್ತು. ಆಯಿಲ್ ಸಿಗದ ಎಂಜಿನ್ನು ಓಡುತ್ತಿದ್ದ ಹಾಗೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಆಗ ನಿಜಕ್ಕೂ ಎಂಜಿನ್ನೇ ಬದಲಿಸಬೇಕು, ಅದರ ಬೆಲೆ ಕಾರಿಗಿಂತ ಹೆಚ್ಚು.

ಮೇಸ್ತ್ರಿ ಕೈ ಒರೆಸಿಕೊಂಡು ಒಂದು ಟೈರಿನ ಮೇಲೆ ಕೂತ. "ಟೀ ತರಿಸ್ರೋ," ಅಂದ. "ಮೊದಲು ಅಕ್ಕನಿಗೆ ಕೊಡಿ."

ಮಾರನೇ ದಿನ ಬೆಳಗ್ಗೆ ನರ್ಸಮ್ಮ ಬಂದಾಗ ಗಾಡಿ ಇನ್ನೂ ಸಿದ್ಧವಾಗಿರಲಿಲ್ಲ. ತಡವಾದದ್ದಕ್ಕೆ ಏನಾದರೊಂದು ನೆಪ ಹೇಳಿ ಮೇಸ್ತ್ರಿ ಪಾರಾಗಬಹುದಿತ್ತು. ಅದು ಅವನ ಗ್ಯಾರೇಜು, ಅವನ ಹೆಸರು. ಆದರೆ ಅವನು ಹಿಂದಿನ ಕೋಣೆಗೆ ಬಂದು ತೊಟ್ಟಿ ಅಕ್ಕನನ್ನು ಏಪ್ರನ್ ಸಮೇತ ಮುಂದಕ್ಕೆ ಕರೆದುಕೊಂಡು ಹೋದ. ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರೆಲ್ಲರ ಮುಂದೆ ಹೇಳಿದ, "ಅಮ್ಮ, ನಿಮ್ಮ ಗಾಡಿ ಉಳಿಸಿದ್ದು ನಾನಲ್ಲ. ನನ್ನ ಕಣ್ಣು ತಪ್ಪಿತ್ತು. ಈಕೆ ಹಿಡಿದಳು. ಸಾಲದ್ದಕ್ಕೆ ನಾನೇ ಇವಳ ಮೇಲೆ ರೇಗಿದೆ."

ತೊಟ್ಟಿ ಅಕ್ಕ ಎಲ್ಲಿ ನೋಡಬೇಕು ಅಂತ ತಿಳಿಯದೆ ಕಾರಿನ ಚಕ್ರ ನೋಡುತ್ತ ನಿಂತಳು. ನಲವತ್ತೆರಡು ವರ್ಷದ ಬಾಳಿನಲ್ಲಿ ಅವಳ ಕೆಲಸವನ್ನು ಯಾರಾದರೂ ನಾಲ್ಕು ಜನರ ಎದುರು ಹೇಳಿದ್ದು ಅದೇ ಮೊದಲು.

ನರ್ಸಮ್ಮ ಚೂರುಗಳನ್ನು ನೋಡಬೇಕು ಅಂದಳು. ಬಟ್ಟೆಯ ಮೇಲೆ ಜೋಡಿಸಿಟ್ಟ ಮೂರು ಗೈಡುಗಳನ್ನು ಕನ್ನಡಕ ಸರಿಮಾಡಿಕೊಂಡು ನೋಡಿ ಬೆರಗಾದಳು.

"ಇದು ನಮ್ಮ ಕೆಲಸ ಕಣೇ ತಂಗಿ! ಯಾರು ಕಲಿಸಿದ್ರು ನಿನಗೆ?"

"ಯಾರೂ ಕಲಿಸಿಲ್ಲ ಅಮ್ಮ."

"ಥಿಯೇಟರಿನಲ್ಲಿ ಹೊಟ್ಟೆ ಹೊಲಿಯೋಕೆ ಮುಂಚೆ ನಾವು ಎಣಿಸ್ತೀವಿ. ಒಳಗೆ ಎಷ್ಟು ಬಟ್ಟೆ ತುಂಡು ಹೋಯ್ತು, ಎಷ್ಟು ಹೊರಗೆ ಬಂತು, ಕತ್ತರಿ ಎಷ್ಟು, ಸೂಜಿ ಎಷ್ಟು. ಲೆಕ್ಕ ಸರಿಹೋಗದೆ ಇದ್ರೆ ಎಂಥ ದೊಡ್ಡ ಡಾಕ್ಟರಾದ್ರೂ ಸರಿ, ಹೊಲಿಗೆ ಹಾಕೋ ಹಾಗಿಲ್ಲ. ಎಷ್ಟು ಸಲ ಬೈಸಿಕೊಂಡಿದ್ದೀನಿ ಗೊತ್ತಾ, 'ನಿಲ್ಲಿ, ಒಂದು ಕಮ್ಮಿ ಇದೆ' ಅಂತ ಹೇಳಿ?" ಅಂದವಳು ಮೇಸ್ತ್ರಿಯ ಕಡೆ ತಿರುಗಿದಳು. "ನಿಮ್ಮಲ್ಲಿ ಹಾಗೆ ಎಣಿಸೋ ಪದ್ಧತಿ ಇಲ್ವೇನಪ್ಪ?"

"ಇರಲಿಲ್ಲ," ಅಂದ ಮೇಸ್ತ್ರಿ. "ಇನ್ನು ಮೇಲೆ ಇರುತ್ತೆ."

ನರ್ಸಮ್ಮ ಬಾಯಿಮಾತಿಗೆ ಹೇಳಿ ಹೋಗುವವಳಲ್ಲ. ಮುಂದಿನ ವಾರ ಬಿಳಿ ಪಿಂಗಾಣಿ ಬಳಿದ ಎರಡು ಹಳೇ ಟ್ರೇ ಹಿಡಿದುಕೊಂಡು ಬಂದು, ಸತತ ಮೂರು ದಿನ ತೊಟ್ಟಿಯ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಎಣಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಬೇಕು, ಬರೆಯದೆ ಬಿಟ್ಟದ್ದು ಎಣಿಸಿದ ಹಾಗಲ್ಲ. ಒಂದೊಂದನ್ನೂ ಕೈಹಿಡಿದು ತೋರಿಸಿಕೊಟ್ಟಳು. ಬರೆಯುವುದೆಂದರೆ ತೊಟ್ಟಿ ಅಕ್ಕನಿಗೆ ಅಂಜಿಕೆ, ಕೈ ಓಡುತ್ತಿರಲಿಲ್ಲ. "ಚಂದ ಬೇಡ, ನಿನಗೆ ತಿಳಿದ್ರೆ ಸಾಕು," ಅಂದಳು ನರ್ಸಮ್ಮ. "ಡಾಕ್ಟರುಗಳ ಅಕ್ಷರ ನೋಡಿಲ್ವಾ ನೀನು?"

ಮಿಕ್ಕದ್ದನ್ನು ತೊಟ್ಟಿ ಅಕ್ಕನ ಗಂಡ ವಹಿಸಿಕೊಂಡ. ಅವನು ಅಂಗಡಿಗಳ ಬೋರ್ಡು ಬರೆಯುವ ಪೇಂಟರು, ಮಾತಿನ ಮಲ್ಲ. ಮೇಸ್ತ್ರಿಯ ಹತ್ತಿರವಿದ್ದ ಎಂಜಿನ್ ಪುಸ್ತಕದ ಚಿತ್ರಗಳನ್ನು ನೋಡಿಕೊಂಡು ಒಂದು ಹಳೇ ಬೋರ್ಡಿನ ಬೆನ್ನ ಮೇಲೆ ಎಂಜಿನ್ನನ್ನು ಎರಡು ಹೋಳು ಮಾಡಿದ ಹಾಗೆ ದೊಡ್ಡದಾಗಿ ಬರೆದ. ಆಯಿಲ್ ಓಡುವ ದಾರಿಗೆ ಹಳದಿ, ನೀರಿನ ದಾರಿಗೆ ನೀಲಿ. ಅದನ್ನು ಅಡುಗೆಮನೆಯ ಗೋಡೆಗೆ ಒರಗಿಸಿಟ್ಟು ಸಂಜೆ ಹೊತ್ತು ಕೇಳುತ್ತಿದ್ದ, "ಇದು ಏನೇ?"

"ಥರ್ಮೋಸ್ಟಾಟ್ ರೀ."

"ಅದರ ಕೆಲಸ ಏನು?"

"ಬಿಸಿ ಜಾಸ್ತಿ ಆದ್ರೆ ಬಾಗಿಲು ತೆಗೆಯೋದು. ನಿಮಗೂ ಒಂದು ಹಾಕಿಸಬೇಕು, ಸುಮ್ಮನೆ ಬುಸುಗುಡ್ತೀರಿ."

ಮೇಸ್ತ್ರಿ ಗ್ಯಾರೇಜಿಗೂ ಒಂದು ಬೋರ್ಡು ಕೇಳಿದ: 'ಎಣಿಸಿದ ಮೇಲೆ ಮುಚ್ಚಿ.' ಗಂಡ ಉತ್ಸಾಹದಲ್ಲಿ ಸುತ್ತಲೂ ಗುಲಾಬಿ ಹೂವಿನ ಅಂಚು ಬಿಡಿಸಿಬಿಟ್ಟ. ಬೇಕರಿ ಬೋರ್ಡಿನ ಹಾಗಿದೆ ಅಂತ ಮೇಸ್ತ್ರಿ ಗೊಣಗಿದ, ಆದರೆ ತನ್ನ ಕೈಯಾರೆ ಮೊಳೆ ಹೊಡೆದು ತೂಗುಹಾಕಿದ.

ಒಂದೂವರೆ ವರ್ಷ ಕಳೆಯುವುದರೊಳಗೆ ತೊಟ್ಟಿಗೆ ಬೇರೊಬ್ಬಳು ಬಂದಳು. ತೊಟ್ಟಿ ಅಕ್ಕನಿಗೆ ಮುಂದುಗಡೆ ಬೆಳಕು ಬೀಳುವ ಜಾಗದಲ್ಲಿ ಒಂದು ಮೇಜು ಹಾಕಿಕೊಟ್ಟರು. ಯಾವ ಎಂಜಿನ್ನೂ ಅವಳ ಸಹಿ ಇಲ್ಲದೆ ಮುಚ್ಚುವಂತಿರಲಿಲ್ಲ. ಅದರ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿ ಅಂಟಿಕೊಂಡಿತು. ಹಳೇ ಕಾರು ಕೊಳ್ಳುವ ಮುಂಚೆ ಜನ ಅದನ್ನು ತಂದು ಅವಳಿಗೆ ತೋರಿಸತೊಡಗಿದರು. ಅವಳು ಬಣ್ಣ ನೋಡುವುದಿಲ್ಲ, ಸೀಟು ನೋಡುವುದಿಲ್ಲ. ರಾತ್ರಿಯಿಡೀ ತಣ್ಣಗೆ ನಿಂತಿದ್ದ ಗಾಡಿಯನ್ನೇ ಬೆಳಗ್ಗೆ ತನ್ನಿ ಅನ್ನುತ್ತಾಳೆ. ಸ್ಟಾರ್ಟ್ ಮಾಡಿಸಿ ಮೊದಲ ಐದು ಸೆಕೆಂಡು ಕಣ್ಣುಮುಚ್ಚಿ ನಿಲ್ಲುತ್ತಾಳೆ. ಆಮೇಲೆ ಆಯಿಲ್ ಮುಚ್ಚಳ ತಿರುಗಿಸಿ ಮೂಸುತ್ತಾಳೆ, ಆಯಿಲ್ ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿ ಬೆಳಕಿಗೆ ಹಿಡಿಯುತ್ತಾಳೆ.

ಒಮ್ಮೆ ಒಬ್ಬ ಬ್ಯಾಂಕಿನವನು ಬೆಳ್ಳಿ ಬಣ್ಣದ ಒಂದು ಕಾರು ತಂದಿದ್ದ. ನೋಡಿ ಮುಗಿಸಿ, "ಬೇಡ ಅಣ್ಣ," ಅಂದಳು.

"ಇಷ್ಟು ಕಮ್ಮಿಗೆ ಕೊಡ್ತಿದ್ದಾರಲ್ಲ ಅಕ್ಕ!"

"ಅದಕ್ಕೇ ಕೊಡ್ತಿದ್ದಾರೆ. ಆಯಿಲಿಗೆ ನೀರು ಸೇರ್ತಾ ಇದೆ. ಕೊಂಡ ಮೇಲೆ ಇನ್ನೊಂದು ಸಲ ಕೊಂಡುಕೊಳ್ಳಬೇಕಾಗುತ್ತೆ. ಕೊಳ್ಳೋ ಬೆಲೆಯ ಅರ್ಧದಷ್ಟನ್ನ ರಿಪೇರಿಗೆ ಅಂತ ಪಕ್ಕಕ್ಕೆ ಇಡೋಕೆ ಆಗುತ್ತಾ? ಆದ್ರೆ ತಗೊಳ್ಳಿ. ಇಲ್ಲ ಅಂದ್ರೆ ನಮಸ್ಕಾರ ಹಾಕಿ ಬಿಟ್ಟುಬಿಡಿ."

ಅವನು ಮುಖ ಗಂಟುಹಾಕಿಕೊಂಡೇ ಹೋದ. ತಿಂಗಳ ಮೇಲೆ ಬೇರೊಂದು ಕಾರು ತಂದ. ಅವಳು ತಲೆಯಾಡಿಸಿದ ಮೇಲೇ ಕೊಂಡ.

ಆ ಚಳಿಗಾಲದ ಒಂದು ಭಾನುವಾರ ನರ್ಸಮ್ಮ ಫೋನು ಮಾಡಿ, ಕೆರೆಯ ಕಡೆ ಹೋಗಿ ಬರೋಣ, ಗಂಡ ಹೆಂಡತಿ ಇಬ್ಬರೂ ಬನ್ನಿ, ಮೇಸ್ತ್ರಿಗೂ ಹೇಳಿದ್ದೀನಿ ಅಂದಳು. ನೀಲಿ ಕಾರು ಬೀದಿಯ ತುದಿಗೆ ಬಂದು ನಿಂತಿತು. ಮೇಸ್ತ್ರಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮುಂದೆ ಕೂತಿದ್ದ. ತೊಟ್ಟಿ ಅಕ್ಕ ಹಿಂದಿನ ಬಾಗಿಲು ತೆಗೆದು ಒಂದು ಕ್ಷಣ ಹಾಗೇ ನಿಂತುಬಿಟ್ಟಳು. ಇಂಥ ಕಾರುಗಳ ಕರುಳು ತೊಳೆದು ತೊಳೆದು ಕೈ ಸವೆಸಿದ್ದಳು, ಒಂದರಲ್ಲಿಯೂ ಕೂತಿರಲಿಲ್ಲ.

"ಗಾಡಿ ಹತ್ತೇ, ಎಣಿಸೋಕೆ ನಿಂತ್ಯಾ?" ಅಂದ ಗಂಡ.

ಸೀಟು ಮೆತ್ತಗಿತ್ತು. ಕಿಟಕಿಯಾಚೆ ಊರು ಸದ್ದಿಲ್ಲದೆ ಜಾರುತ್ತಿತ್ತು. ಅವಳು ಮಾತ್ರ ಕುತ್ತಿಗೆ ಚಾಚಿ ಎಂಜಿನ್ನಿನ ಶಬ್ದವನ್ನೇ ಕೇಳುತ್ತಿದ್ದಳು. ನರ್ಸಮ್ಮ ಕನ್ನಡಿಯಲ್ಲಿ ನೋಡಿ ನಕ್ಕಳು. "ಇವತ್ತು ಡ್ಯೂಟಿ ಇಲ್ಲ ತಂಗಿ, ಒರಗಿ ಕೂತ್ಕೋ."

ಒರಗಿದಳು. ಊರು ದಾಟಿತು. ಎಷ್ಟೋ ದಿನದಿಂದ ಹೇಳಬೇಕು ಅಂದುಕೊಂಡು ಎದುರಿಗೆ ನಿಂತಾಗ ನಾಲಿಗೆ ಏಳದೆ ಬಿಟ್ಟಿದ್ದ ಮಾತು, ಮೇಸ್ತ್ರಿಯ ಬೆನ್ನು ಕಾಣುತ್ತಿದ್ದ ಹಾಗೆ ತಾನಾಗಿ ಹೊರಗೆ ಬಂತು. "ಮೇಸ್ತ್ರಿ, ಅವತ್ತು ನೀವು ನನ್ನ ಮುಂದಕ್ಕೆ ಕರ್ಕೊಂಡು ಹೋಗಿ ಎಲ್ಲರ ಎದುರು ಹೇಳಿದ್ರಲ್ಲ. ನೀವು ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ನಾನೂ ಏನೂ ಅಂದುಕೊಳ್ತಿರಲಿಲ್ಲ. ಅದು ನನ್ನ ಬದುಕನ್ನೇ ಬದಲಿಸ್ತು. ನಾನು ಮರೆಯಲ್ಲ. ಅಮ್ಮ, ನಿಮ್ಮನ್ನೂ ಅಷ್ಟೇ."

ಮೇಸ್ತ್ರಿ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತ ನರ್ಸಮ್ಮನಿಗೆ ಹೇಳಿದ, "ಎಸಿ ಸ್ವಲ್ಪ ಕಡಿಮೆ ಮಾಡಿ. ತಣ್ಣನೆ ಗಾಳಿಗೆ ಕಣ್ಣಲ್ಲಿ ನೀರು ಬರ್ತಿದೆ."

"ಎಸಿ ಹಾಕೇ ಇಲ್ವಲ್ಲಪ್ಪ," ಅಂದಳು ನರ್ಸಮ್ಮ.

ತೊಟ್ಟಿ ಅಕ್ಕನ ಗಂಡ ಕಿಟಕಿಯ ಕಡೆ ಮುಖ ತಿರುಗಿಸಿ ನಗು ತಡೆದುಕೊಂಡ. ಕೆರೆಯ ದಂಡೆಯಲ್ಲಿ ನಾಲ್ವರೂ ಇಳಿದರು. ನರ್ಸಮ್ಮ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು. ಹುಲ್ಲಿನ ಮೇಲೆ ಕೂತು, ಬಿಸಿಲು ಕಾಯಿಸಿಕೊಳ್ಳುತ್ತ, ಮಧ್ಯಾಹ್ನದವರೆಗೂ ಕಾರಿನ ಮಾತೇ ಎತ್ತದೆ ಹರಟಿದರು.